ಚಂದ್ರಗಿರಿ ಹೊಳೆಯ ಕೆಂಗಣ್ಣ: ಗಡಿಯ ನೀರಲ್ಲಿ ಬದುಕುವ ಒಂದು ಪುಟ್ಟ ಮೀನಿನ ಕುರಿತು

ಈ ವಿಚಾರ ಸಂಕಿರಣದಲ್ಲಿ ಇಲ್ಲಿಯವರೆಗೆ ಗಡಿನಾಡಿನ ಶಾಲೆ, ಯಕ್ಷಗಾನ, ಪತ್ರಿಕೆ, ಶಾಸನ ಇವುಗಳ ಬಗ್ಗೆ ಪ್ರಬಂಧಗಳು ಬಂದವು. ನಾನು ಮಾತಾಡುವುದು ಒಂದು ಮೀನಿನ ಬಗ್ಗೆ. ಕನ್ನಡ ಎಂ.ಎ. ವಿದ್ಯಾರ್ಥಿಗೆ ಮೀನಿನ ಉಸಾಬರಿ ಎಂತಕ್ಕೆ ಅಂತ ಕೆಲವರಿಗೆ ಅನಿಸಬಹುದು. ಶಿವರಾಮ ಕಾರಂತರು ಕಾದಂಬರಿ ಬರೆದ ಕೈಯಲ್ಲೇ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದರು. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಒಂದು ಹಾರುವ ಓತಿಯ ಬೆನ್ನು ಹತ್ತಿ ಹೋಗುವುದೇ ಕತೆ. ಆದ್ದರಿಂದ ನಮ್ಮ ವಿಭಾಗಕ್ಕೆ ಇದು ತೀರಾ ಹೊರಗಿನ ವಿಷಯವೇನೂ ಅಲ್ಲ. ಮೇಲಾಗಿ ಈ ಮೀನು ಬದುಕಿರುವುದು ಕಾಸರಗೋಡಿನ ಚಂದ್ರಗಿರಿ ಹೊಳೆಯಲ್ಲಿ. 1967ರ ಮಹಾಜನ ಆಯೋಗದ ವರದಿ ಯಾವ ಹೊಳೆಯನ್ನು ಗೆರೆಯಾಗಿ ಹಿಡಿದು ಅದರ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಹೇಳಿತೋ ಅದೇ ಹೊಳೆ. ನಾವು ಗಡಿಯ ಆಚೆ ಈಚೆ ಇರುವವರ ಬಗ್ಗೆ ಬಹಳ ಬರೆದಿದ್ದೇವೆ. ಗಡಿಯ ಒಳಗೇ, ಆ ಗೆರೆಯ ನೀರಿನಲ್ಲೇ ಬದುಕುವ ಜೀವಿಯ ಬಗ್ಗೆ ಇವತ್ತು ಸ್ವಲ್ಪ ನೋಡೋಣ.

ಮೀನಿನ ರೂಪ

ವಿಜ್ಞಾನದಲ್ಲಿ ಇದರ ಹೆಸರು ಸಹ್ಯಾದ್ರಿಯಾ ಡೆನಿಸೋನಿ. ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರ ಲೋಕದಲ್ಲಿ ಡೆನಿಸನ್ ಬಾರ್ಬ್, ರೋಸ್‌ಲೈನ್ ಶಾರ್ಕ್, ಮಿಸ್ ಕೇರಳ ಹೀಗೆ ಹಲವು ಹೆಸರು. ಶಾರ್ಕ್ ಅಂತ ಕರೆದರೂ ಶಾರ್ಕಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಉದ್ದಕ್ಕೆ, ಎರಡೂ ತುದಿ ಚೂಪಾಗಿ ಇರುವ ಮೈ ನೋಡಿ ವ್ಯಾಪಾರದವರು ಕೊಟ್ಟ ಹೆಸರು ಅಷ್ಟೆ. ನಮ್ಮ ಹೊಳೆಗಳ ಹೆಚ್ಚಿನ ಸಣ್ಣ ಮೀನುಗಳ ಹಾಗೆ ಇದೂ ಗೆಂಡೆ ಮೀನಿನ ಬಳಗಕ್ಕೆ ಸೇರಿದ್ದು. ಪೂರ್ತಿ ಬೆಳೆದರೆ ಒಂದು ಗೇಣಿಗೂ ಕಡಿಮೆ. ಚಂದ್ರಗಿರಿ, ವಳಪಟ್ಟಣ, ಚಾಲಿಯಾರ್ ಈ ಮೂರು ನದಿಗಳಲ್ಲಿ ನಡೆದ ಒಂದು ಅಧ್ಯಯನದಲ್ಲಿ ಸಿಕ್ಕ ಅತಿ ದೊಡ್ಡ ಮೀನಿನ ಉದ್ದ 162 ಮಿಲಿಮೀಟರ್.

ಮೈ ಬೆಳ್ಳಿಯ ಬಣ್ಣ. ಮೂತಿಯಿಂದ ಹೊರಟು ಕಣ್ಣನ್ನು ಹಾದು ಮೈಯ ನಡುವಿನವರೆಗೆ ಒಂದು ಕೆಂಪು ಗೆರೆ. ಅದರ ಕೆಳಗೆ ಮೂತಿಯಿಂದ ಬಾಲದ ಬುಡದವರೆಗೂ ಒಂದು ಕಪ್ಪು ಗೆರೆ. ಬೆನ್ನಿನ ಈಜುರೆಕ್ಕೆಯ ಮುಂದಿನ ಅಂಚು ಕೆಂಪು. ಬಾಲದ ಎರಡು ಕವಲಿನ ತುದಿಯಲ್ಲಿ ಕಪ್ಪು ಮತ್ತು ಹಳದಿ ಪಟ್ಟಿ. ವಯಸ್ಸಾದ ಮೀನಿನ ತಲೆಯ ಮೇಲೆ ಸ್ವಲ್ಪ ಹಸಿರು ಛಾಯೆ ಕಾಣಿಸುವುದೂ ಉಂಟು. ಬಣ್ಣದ ಮೀನು ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಹವಳದ ದಿಬ್ಬದ ಮೀನುಗಳು, ‘ಫೈಂಡಿಂಗ್ ನೀಮೋ’ ಸಿನಿಮಾದ ಕಿತ್ತಳೆ ಬಿಳಿ ಪಟ್ಟೆಯ ಮೀನು. ಸಿಹಿನೀರಿನ ಮೀನು ಅಂದರೆ ಮಣ್ಣುಬಣ್ಣದ್ದು ಅಂತಲೇ ನಮ್ಮ ಲೆಕ್ಕ. ಆ ಲೆಕ್ಕಕ್ಕೆ ಇದು ಸಿಗುವುದಿಲ್ಲ.

ಮಲಯಾಳದಲ್ಲಿ ಇದಕ್ಕೆ ಚೆಂಕಣಿಯಾನ್ ಮತ್ತು ಚೋರಕಣಿಯಾನ್ ಎಂಬ ಹೆಸರುಗಳಿವೆ. ಚೋರ ಅಂದರೆ ರಕ್ತ. ಕಣ್ಣಿನಿಂದ ರಕ್ತ ಒಸರಿದ ಹಾಗೆ ಕಾಣುವ ಮೀನು ಅಂತ ಆ ಹೆಸರಿಗೆ ವಿವರಣೆ ಕೊಡುತ್ತಾರೆ. ಮೊದಲನೆಯ ಹೆಸರಿನ ‘ಚೆಂ’ ನಮಗೆ ಗುರುತಿನದ್ದೇ. ಕನ್ನಡದ ‘ಕಿವಿ’ ಮಲಯಾಳದಲ್ಲಿ ‘ಚೆವಿ’ ಆಗುತ್ತದೆ. ಹಾಗೆಯೇ ಕನ್ನಡದ ‘ಕೆಂ’ ಅಲ್ಲಿ ‘ಚೆಂ’. ಭಾಷಾವಿಜ್ಞಾನದ ತರಗತಿಯಲ್ಲಿ ನಾವೆಲ್ಲ ಬರೆದುಕೊಂಡ ನಿಯಮ ಇದು. ಆ ನಿಯಮದ ದೋಣಿಯಲ್ಲಿ ಹೆಸರನ್ನು ಹೊಳೆ ದಾಟಿಸಿದರೆ ‘ಕೆಂಗಣ್ಣ’ ಅಂತ ಆಗುತ್ತದೆ. ಸಣ್ಣ ಹೊಳೆಮೀನುಗಳನ್ನೆಲ್ಲ ಒಟ್ಟಾಗಿ ‘ಪೊಡಿ ಮೀನು’ ಅಂತ ಕರೆದು ಬಿಡುವ ನಮ್ಮ ಊರಿನ ಮಾತಿಗೆ ಈ ಹೆಸರು ಭಾರವಾಗಲಾರದು. ಈ ಪ್ರಬಂಧದಲ್ಲಿ ನಾನು ಕೆಂಗಣ್ಣ ಎಂದೇ ಕರೆಯುತ್ತೇನೆ.

ಹೊಳೆ ಮತ್ತು ಅದರ ಎರಡು ಬಾಗಿಲು

ಕೆಂಗಣ್ಣ ಪಶ್ಚಿಮ ಘಟ್ಟದ ತೆಂಕಣ ಭಾಗಕ್ಕೆ ಮಾತ್ರ ಸೇರಿದ ಮೀನು. ಕೇರಳದ ಕೆಲವು ಪಡುವಣ ನದಿಗಳು ಮತ್ತು ಕರ್ನಾಟಕದ ದಕ್ಷಿಣದ ಅಂಚು, ಇಷ್ಟೇ ಅದರ ಭೂಪಟ. ಲೋಕದ ಬೇರೆ ಯಾವ ಕಡೆಯಲ್ಲೂ ಇದು ಸ್ವಾಭಾವಿಕವಾಗಿ ಇಲ್ಲ.

ಚಂದ್ರಗಿರಿಯ ದೊಡ್ಡ ಕವಲು ಪಯಸ್ವಿನಿ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯವನ್ನು ಹಾದು, ಕಾಸರಗೋಡು ಜಿಲ್ಲೆಗೆ ಇಳಿದು, ತಳಂಗರೆಯ ಹತ್ತಿರ ಅರಬ್ಬೀ ಸಮುದ್ರಕ್ಕೆ ಸೇರುತ್ತದೆ. ಸುಮಾರು 105 ಕಿಲೋಮೀಟರಿನ ಹಾದಿ. ದೊಡ್ಡ ನದಿಗಳ ಲೆಕ್ಕದಲ್ಲಿ ಇದು ಏನೂ ಅಲ್ಲ. ಘಟ್ಟದ ಮೇಲಿಂದ ಸಮುದ್ರದವರೆಗೆ ಇಷ್ಟು ಕಡಿಮೆ ದೂರದಲ್ಲಿ ಇಳಿಯಬೇಕಾದ್ದರಿಂದ ನೀರಿಗೆ ಓಟ ಹೆಚ್ಚು. ಬಂಡೆಗಳ ನಡುವೆ ನೊರೆ, ನೊರೆಯ ಕೆಳಗೆ ತಿಳಿನೀರಿನ ಗುಂಡಿ, ದಡದಿಂದ ಬಾಗಿದ ಗಿಡಗಳು. ಕೆಂಗಣ್ಣನಿಗೆ ಬೇಕಾದ್ದು ಇದೇ. ತಂಪಾದ, ಹರಿಯುವ, ಆಮ್ಲಜನಕ ಹೆಚ್ಚಿರುವ ನೀರು. ಮಣ್ಣು ಕದಡಿದ ನೀರು, ಬಿಸಿಯೇರಿ ನಿಂತ ನೀರು ಅದಕ್ಕೆ ಆಗುವುದಿಲ್ಲ. ಮೀನು ಸಾಕುವವರು ಹೇಳುವುದೂ ಹಾಗೆಯೇ; ತೊಟ್ಟಿಯಲ್ಲಿ ನೀರು ಓಡುತ್ತಾ ಇರಬೇಕು, ಸೆಕೆ ಹೆಚ್ಚಬಾರದು.

ಈಗ ಒಂದು ಸಣ್ಣ ಪ್ರಶ್ನೆ. ಚಂದ್ರಗಿರಿಯ ಕೆಂಗಣ್ಣ ವಳಪಟ್ಟಣದ ಕೆಂಗಣ್ಣನನ್ನು ಭೇಟಿಯಾಗಬೇಕಾದರೆ ಯಾವ ದಾರಿಯಲ್ಲಿ ಹೋಗಬೇಕು? ಮೇಲಿನ ದಾರಿ ಘಟ್ಟದ ಏಣು. ಮೀನಿಗೆ ಗುಡ್ಡ ಹತ್ತಲಿಕ್ಕೆ ಆಗುವುದಿಲ್ಲ. ಕೆಳಗಿನ ದಾರಿ ಸಮುದ್ರ. ಸಿಹಿನೀರಿನ ಮೀನಿಗೆ ಉಪ್ಪು ಆಗುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಹೊಳೆಯೊಳಗೆ ಉಪ್ಪುನೀರು ಎಷ್ಟು ದೂರ ಏರುತ್ತದೆ ಅನ್ನುವುದು ಕಾಸರಗೋಡು ಪೇಟೆಯ ಕುಡಿಯುವ ನೀರು ಕುಡಿದವರಿಗೆಲ್ಲ ಗೊತ್ತು. ಅದನ್ನು ತಡೆಯಲಿಕ್ಕೆಂದೇ ಬಾವಿಕ್ಕರೆಯಲ್ಲಿ ಅಣೆಕಟ್ಟು ಕಟ್ಟಬೇಕಾಯಿತು. ಮೇಲೆ ಬೆಟ್ಟ, ಕೆಳಗೆ ಉಪ್ಪು. ಹಾಗಾಗಿ ಪ್ರತಿಯೊಂದು ನದಿಯೂ ಈ ಮೀನಿಗೆ ಎರಡೂ ಬಾಗಿಲು ಮುಚ್ಚಿದ ಒಂದು ಉದ್ದನೆಯ ಕೋಣೆ.

ಹೀಗೆ ಬೇರೆ ಬೇರೆ ಕೋಣೆಗಳಲ್ಲಿ ಸಾವಿರಾರು ತಲೆಮಾರು ಕಳೆದರೆ ಏನಾಗುತ್ತದೆ ಎಂಬುದು ಭಾಷೆ ಓದಿದ ನಮಗೆ ಬೇರೆಯವರು ಹೇಳಿಕೊಡಬೇಕಾದ ವಿಷಯ ಅಲ್ಲ. ಹವ್ಯಕ ಕನ್ನಡ, ಕೋಟ ಕನ್ನಡ, ಧಾರವಾಡದ ಕನ್ನಡ ಹೇಗಾದವೋ ಹಾಗೆಯೇ ಮೀನಿನಲ್ಲೂ ಪ್ರಭೇದಗಳು ಮೂಡುತ್ತವೆ. ತಳಿಶಾಸ್ತ್ರದ ಅಧ್ಯಯನಗಳು ಕೆಂಗಣ್ಣನ ಒಳಗೆ ಒಂದಕ್ಕಿಂತ ಹೆಚ್ಚು ಬೇರೆ ಬೇರೆ ವಂಶಧಾರೆಗಳು ಇವೆ ಅಂತ ತೋರಿಸಿವೆ. ಹೊರನೋಟಕ್ಕೆ ಒಂದೇ ಕೆಂಪು ಗೆರೆ, ಒಂದೇ ಕಪ್ಪು ಗೆರೆ. ಒಳಗೆ ನದಿಗೊಂದು ಚರಿತ್ರೆ. ಇದರ ಪರಿಣಾಮ ಸರಳ: ಒಂದು ನದಿಯಲ್ಲಿ ಮೀನು ಮುಗಿದರೆ ಇನ್ನೊಂದು ನದಿಯಿಂದ ತಂದು ಬಿಟ್ಟು ‘ಸರಿಮಾಡಿದೆವು’ ಅನ್ನುವ ಹಾಗಿಲ್ಲ. ಕಾಸರಗೋಡಿನ ಕನ್ನಡ ಹೋದರೆ ಬೆಂಗಳೂರಿನಿಂದ ಕನ್ನಡ ತಂದು ತುಂಬಿಸಿದ ಹಾಗೆ ಆಗುತ್ತದೆ. ಸದ್ದು ಇರುತ್ತದೆ, ಆದರೆ ಹೋದದ್ದು ವಾಪಸು ಬರುವುದಿಲ್ಲ.

ಬದುಕಿನ ಕ್ರಮ

ಕೆಂಗಣ್ಣ ಗುಂಪಿನ ಮೀನು. ಒಂಟಿಯಾಗಿ ಇರುವುದಿಲ್ಲ. ನೀರಿನ ಹರಿವಿಗೆ ಎದುರಾಗಿ ಮುಖಮಾಡಿ ಸಾಲುಗಟ್ಟಿ ನಿಂತು, ಹರಿದು ಬಂದದ್ದನ್ನು ತಿನ್ನುತ್ತದೆ. ಬಂಡೆಯ ಮೇಲಿನ ಪಾಚಿ, ಸಸ್ಯದ ಚೂರು, ನೀರಿನ ಹುಳ, ಬಿದ್ದ ಕೀಟ ಎಲ್ಲವೂ ಆಹಾರವೇ. ಡಿಸೆಂಬರ್ ಕಳೆದು ಹೊಳೆ ತಿಳಿಯಾದ ಮೇಲೆ ತೂಗುಸೇತುವೆಯ ಮೇಲೆ ನಿಂತು ಕೆಳಗೆ ನೋಡಿದರೆ ಗುಂಪು ಒಟ್ಟಿಗೆ ತಿರುಗುವಾಗ ಬೆಳ್ಳಿಯ ತಗಡು ಒಮ್ಮೆ ಮಿಂಚಿದ ಹಾಗೆ ಕಾಣುತ್ತದೆ. ಇದನ್ನು ನಾನು ನೋಡಿದ್ದೇನೆ. ಕೆಂಪು ಗೆರೆ ಕಾಣಬೇಕಾದರೆ ನೀರಿಗೆ ಇಳಿದು ಸ್ವಲ್ಪ ಹೊತ್ತು ಅಲ್ಲಾಡದೆ ಕೂರಬೇಕು.

ಗಂಡು ಸುಮಾರು ಎಂಟೂವರೆ ಸೆಂಟಿಮೀಟರ್ ಉದ್ದಕ್ಕೆ, ಹೆಣ್ಣು ಸುಮಾರು ಒಂಬತ್ತೂವರೆ ಸೆಂಟಿಮೀಟರ್ ಉದ್ದಕ್ಕೆ ಪ್ರಾಯಕ್ಕೆ ಬರುತ್ತದೆ. ಒಂದು ಹೆಣ್ಣಿನಲ್ಲಿ ಇರುವ ಮೊಟ್ಟೆ ಕೆಲವು ನೂರರಿಂದ ಸುಮಾರು ಸಾವಿರದವರೆಗೆ. ಕೆರೆಯಲ್ಲಿ ಸಾಕುವ ಕಾಟ್ಲಾ, ರೋಹು ಮೀನುಗಳು ಲಕ್ಷಗಟ್ಟಲೆ ಮೊಟ್ಟೆ ಇಡುತ್ತವೆ. ಅವುಗಳ ಪಕ್ಕದಲ್ಲಿ ಇದು ಬಡಕುಟುಂಬ. ಮೇಲೆ ಹೇಳಿದ ಮೂರು ನದಿಗಳ ಅಧ್ಯಯನದಲ್ಲಿ ಗಂಡುಗಳ ಸಂಖ್ಯೆ ಹೆಣ್ಣುಗಳಿಗಿಂತ ಹೆಚ್ಚಾಗಿ ಕಂಡುಬಂದಿತ್ತು. ಅಂದರೆ ಮೊಟ್ಟೆ ಇಡುವವರೇ ಕಡಿಮೆ. ಇವುಗಳಿಗಿಂತಲೂ ಮುಖ್ಯವಾದ ವಿಷಯ ಒಂದುಂಟು. ಇದರ ಸಂತಾನದ ಕಾಲ ಅಕ್ಟೋಬರಿನಿಂದ ಮಾರ್ಚಿನವರೆಗೆ. ಮಳೆಗಾಲದ ಮೊದಲ ನೀರಿಗೆ ಮೇಲಕ್ಕೆ ಏರಿ ಗದ್ದೆ, ತೋಡುಗಳಲ್ಲಿ ಮೊಟ್ಟೆ ಇಡುವ ಮೀನುಗಳನ್ನು ನಾವೆಲ್ಲ ನೋಡಿದ್ದೇವೆ. ಮಲಯಾಳದಲ್ಲಿ ಅದಕ್ಕೆ ‘ಊತ್ತ’ ಅಂತಾರೆ. ಕೆಂಗಣ್ಣ ಆ ಜಾತ್ರೆಗೆ ಸೇರಿದ್ದಲ್ಲ. ಹೊಳೆಯ ಅಬ್ಬರ ಇಳಿದ ಮೇಲೆ, ನೀರು ತಿಳಿಯಾಗುವ ಹೊತ್ತಿಗೆ ಅದರ ಕಾಲ. ಈ ತಿಂಗಳುಗಳನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೆಸರು ಬಂದ ದಾರಿ

1865ರಲ್ಲಿ ಫ್ರಾನ್ಸಿಸ್ ಡೇ ಎಂಬವರು ಈ ಮೀನನ್ನು ಮೊದಲ ಬಾರಿ ವಿಜ್ಞಾನಕ್ಕೆ ವರ್ಣಿಸಿದರು. ಇವರು ಮದ್ರಾಸ್ ಪ್ರಾಂತ್ಯದ ಸೇನಾ ವೈದ್ಯರು. ಮುಂದೆ ‘ದ ಫಿಶಸ್ ಆಫ್ ಇಂಡಿಯಾ’ ಎಂಬ ದೊಡ್ಡ ಗ್ರಂಥ ಬರೆದವರು. ಅವರಿಗೆ ಮೀನು ಸಿಕ್ಕಿದ್ದು ತಿರುವಿದಾಂಕೂರಿನ ಬೆಟ್ಟದ ಬುಡದ ಮುಂಡಕ್ಕಯಂನಲ್ಲಿ. ಇಟ್ಟ ಹೆಸರು ಲೇಬಿಯೋ ಡೆನಿಸೋನಿ. ಡೆನಿಸನ್ ಅಂದರೆ ಆಗಿನ ಮದ್ರಾಸ್ ಗವರ್ನರ್ ಸರ್ ವಿಲಿಯಂ ಡೆನಿಸನ್. ಈ ಮನುಷ್ಯ 1861ರಿಂದ 1866ರವರೆಗೆ ಮದ್ರಾಸಿನಲ್ಲಿ, ಅದಕ್ಕೂ ಮೊದಲು ಆಸ್ಟ್ರೇಲಿಯಾದಲ್ಲಿ ಗವರ್ನರ್ ಆಗಿದ್ದವರು. ಮೀನು ಬಳಿಕ ಬಹುಕಾಲ ಪುಂಟಿಯಸ್ ಕುಲದಲ್ಲಿ ಇತ್ತು. 2013ರಲ್ಲಿ ಭಾರತದ ವಿಜ್ಞಾನಿಗಳು ಇದಕ್ಕೆ ಸಹ್ಯಾದ್ರಿಯಾ ಎಂಬ ಹೊಸ ಕುಲವನ್ನೇ ಕಟ್ಟಿದರು. ಈ ಕುಲದಲ್ಲಿ ಇರುವುದು ಎರಡೇ ಪ್ರಭೇದ: ನಮ್ಮ ಕೆಂಗಣ್ಣ, ಮತ್ತು ಚಾಲಕ್ಕುಡಿ ನದಿಯ ಹೆಸರು ಹೊತ್ತ, 1999ರಲ್ಲಿ ವರ್ಣಿತವಾದ ಅದರ ದಾಯಾದಿ. ದಾಯಾದಿಯ ಬೆನ್ನಿನ ರೆಕ್ಕೆಯಲ್ಲಿ ಒಂದು ಕಪ್ಪು ಮಚ್ಚೆ ಇರುತ್ತದೆ.

ಸ್ವಲ್ಪ ನಿಂತು ಈ ಹೆಸರನ್ನು ನೋಡಿ. ಮೊದಲರ್ಧ ಸಹ್ಯಾದ್ರಿ, ಬೆಟ್ಟದ ಹೆಸರು. ಉಳಿದರ್ಧ ಡೆನಿಸನ್, ಆಳಿದವರ ಹೆಸರು. ನಾಮಕರಣದ ನಿಯಮದಲ್ಲಿ ಕುಲದ ಹೆಸರು ಬದಲಾಗಬಹುದು, ಮೊದಲು ಇಟ್ಟ ಪ್ರಭೇದದ ಹೆಸರು ಹಾಗೇ ಉಳಿಯುತ್ತದೆ. ನಮ್ಮ ಘಟ್ಟದ ಇನ್ನೊಂದು ಸಣ್ಣ ಮೀನಿನ ಕುಲಕ್ಕೆ ಅದೇ 2013ರಲ್ಲಿ ಹಾಲುದಾರಿಯಾ ಎಂಬ ಹೆಸರು ಬಂತು. ಹಾಲುದಾರ್ ಎಂಬವರು ಫ್ರಾನ್ಸಿಸ್ ಬುಕಾನನ್ ಅವರ ಗಂಗಾನದಿಯ ಮೀನಿನ ಪುಸ್ತಕಕ್ಕೆ ಚಿತ್ರ ಬರೆದ ಬಂಗಾಳಿ ಕಲಾವಿದ. 1807ರಲ್ಲಿ ಅಚ್ಚಾದ ಪ್ರವಾಸ ಕಥನದಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಬರೆದಿಟ್ಟವರೂ ಇದೇ ಬುಕಾನನ್. ಸ್ಥಳೀಯ ಚರಿತ್ರೆ ಓದುವ ನಮಗೆಲ್ಲ ಅವರು ಪರಿಚಿತರು. ಚಿತ್ರ ಬರೆದವನಿಗೆ ಹೆಸರು ಸಲ್ಲಲು ಎರಡು ಶತಮಾನ ಹಿಡಿಯಿತು. ಆದರೆ ಮುಂಡಕ್ಕಯಂನ ನೀರಿಗೆ ಇಳಿದು ಮೀನು ಹಿಡಿದವನ ಹೆಸರು ಯಾವ ಕುಲದಲ್ಲೂ ಇಲ್ಲ, ಪ್ರಭೇದದಲ್ಲೂ ಇಲ್ಲ. ಚೋರಕಣಿಯಾನ್ ಎಂಬ ಮಾತಿನಲ್ಲಿ ಮಾತ್ರ ಅವನು ಇದ್ದಾನೆ.

ಪೇಟೆಗೆ ಹೋದ ಮೀನು

1865ರ ನಂತರ ಒಂದು ಶತಮಾನಕ್ಕೂ ಹೆಚ್ಚು ಕಾಲ ಕೆಂಗಣ್ಣ ತನ್ನಷ್ಟಕ್ಕೆ ಇತ್ತು. 1997ರಲ್ಲಿ ಸಿಂಗಪುರದ ‘ಅಕ್ವಾರಾಮಾ’ ಎಂಬ ಅಲಂಕಾರ ಮೀನುಗಳ ದೊಡ್ಡ ಪ್ರದರ್ಶನದಲ್ಲಿ ಅದು ಬಹುಮಾನ ಗಳಿಸಿತು. ಅಲ್ಲಿಂದ ಬೇಡಿಕೆ ಶುರು. ‘ಮಿಸ್ ಕೇರಳ’ ಎಂಬ ಹೆಸರು ಹುಟ್ಟಿದ್ದು ಈ ಪೇಟೆಯ ಬಾಯಲ್ಲಿ. ಹೊಳೆಯಿಂದ ಹಿಡಿದವನು, ಊರಿನ ದಲ್ಲಾಳಿ, ದೊಡ್ಡ ಪಟ್ಟಣದ ರಫ್ತುದಾರ, ಪರದೇಶದ ಅಂಗಡಿ, ಹೀಗೆ ಸರಪಳಿ. ಪ್ರತಿ ಕೊಂಡಿಯಲ್ಲೂ ಬೆಲೆ ಏರುತ್ತದೆ; ನೀರಿಗೆ ಇಳಿದವನ ಕೈಗೆ ಬರುವುದು ಅತಿ ಸಣ್ಣ ಪಾಲು.

2005ರಿಂದ 2012ರ ನಡುವಿನ ರಫ್ತು ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಆ ಅವಧಿಯಲ್ಲಿ ಅಪಾಯದಲ್ಲಿರುವ ಕನಿಷ್ಠ 30 ಸಿಹಿನೀರಿನ ಪ್ರಭೇದಗಳ 15 ಲಕ್ಷಕ್ಕೂ ಹೆಚ್ಚು ಮೀನುಗಳು ಭಾರತದಿಂದ ಹೊರಗೆ ಹೋಗಿವೆ. ಅದರಲ್ಲಿ ಕೆಂಗಣ್ಣ ಮತ್ತು ಅದರ ದಾಯಾದಿ ಸೇರಿ 3 ಲಕ್ಷಕ್ಕೂ ಹೆಚ್ಚು. ಇದು ದಾಖಲೆಯಲ್ಲಿ ಇರುವ ಲೆಕ್ಕ. ದಾರಿಯಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಸತ್ತದ್ದು ರಫ್ತು ದಾಖಲೆಗೆ ಬರುವುದಿಲ್ಲ.

ಈ ಮೀನು ಇಷ್ಟು ಸುಲಭವಾಗಿ ಬಲೆಗೆ ಬೀಳುವುದಕ್ಕೆ ಅದರ ಸ್ವಭಾವವೇ ಕಾರಣ. ಗುಂಪಾಗಿ ಇರುತ್ತದೆ, ಆದ್ದರಿಂದ ಒಂದು ಬಲೆಗೆ ಇಡೀ ಗುಂಪು. ತಿಳಿನೀರಿನಲ್ಲಿ ಇರುತ್ತದೆ, ಆದ್ದರಿಂದ ಮೇಲಿನಿಂದಲೇ ಕಾಣುತ್ತದೆ. ಬೇಸಿಗೆಗೆ ನೀರು ಇಳಿದಾಗ ಗುಂಡಿಗಳಲ್ಲಿ ಸೇರುತ್ತದೆ. ಆದ್ದರಿಂದ ಓಡಲಿಕ್ಕೆ ಜಾಗ ಇಲ್ಲ. ತೊಟ್ಟಿಗೆ ಬೇಕಾದ್ದು ಸಣ್ಣ ಮೀನು. ಆದ್ದರಿಂದ ಮೊಟ್ಟೆ ಇಡುವ ಪ್ರಾಯಕ್ಕೆ ಬರುವ ಮೊದಲೇ ಹೊಳೆ ಬಿಡಬೇಕಾಗುತ್ತದೆ. ಅದು ಬದುಕಿ ಉಳಿಯಲಿಕ್ಕೆ ಕಲಿತ ಪ್ರತಿಯೊಂದು ಗುಣವೂ ಬಲೆಯ ಎದುರು ಅದಕ್ಕೇ ತಿರುಗಿ ಬೀಳುತ್ತದೆ.

ಹವಳದ ದಿಬ್ಬದಲ್ಲಿ ಇದಕ್ಕೆ ಒಂದು ಜೋಡಿ ಕತೆ ಉಂಟು. ಇಂಡೋನೇಷ್ಯಾದ ಬಂಗ್ಗಾಯಿ ದ್ವೀಪಗಳ ಸುತ್ತಲಿನ ಆಳವಿಲ್ಲದ ಸಮುದ್ರದಲ್ಲಿ ಬಂಗ್ಗಾಯಿ ಕಾರ್ಡಿನಲ್ ಎಂಬ ಪುಟ್ಟ ಮೀನು ಇದೆ. ಬೆಳ್ಳಿಯ ಮೈ, ಕಪ್ಪು ಪಟ್ಟೆ, ಬಿಳಿ ಚುಕ್ಕೆ. 1933ರಲ್ಲಿ ಅದರ ವರ್ಣನೆ ಆಯಿತು. 1990ರ ದಶಕದ ನಡುವಿನಲ್ಲಿ ಮತ್ತೆ ಬೆಳಕಿಗೆ ಬಂದು ಪೇಟೆಗೆ ಇಳಿಯಿತು. ಅದರ ಗಂಡು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿಮಾಡುತ್ತದೆ. ಹೆಚ್ಚಿನ ಸಮುದ್ರದ ಮೀನುಗಳ ಹಾಗೆ ಅದರ ಮರಿಗಳು ಪ್ರವಾಹದಲ್ಲಿ ತೇಲಿ ದೂರ ಹೋಗುವುದಿಲ್ಲ, ಹುಟ್ಟಿದಲ್ಲೇ ಇರುತ್ತವೆ. ಆದ್ದರಿಂದ ಒಂದು ದ್ವೀಪದಲ್ಲಿ ಹಿಡಿದು ಮುಗಿಸಿದರೆ ಪಕ್ಕದ ದ್ವೀಪದಿಂದ ಬಂದು ತುಂಬುವವರಿಲ್ಲ. 2007ರಲ್ಲಿ ಅದು ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯದ ವರ್ಗಕ್ಕೆ ಸೇರಿತು. ನಮ್ಮ ಕೆಂಗಣ್ಣನೂ ಅದೇ ಪಟ್ಟಿಯಲ್ಲಿ ಅದೇ ವರ್ಗದಲ್ಲಿ ಇದೆ. ಒಂದಕ್ಕೆ ಸಮುದ್ರವಿದ್ದೂ ಹೋಗಲಿಕ್ಕೆ ಇಲ್ಲ, ಇನ್ನೊಂದಕ್ಕೆ ಸಮುದ್ರವೇ ಗೋಡೆ.

ನಿಯಮ ಮತ್ತು ತಿಂಗಳು

ಕೇರಳ ಸರ್ಕಾರ 2008ರಲ್ಲಿ ಈ ಮೀನು ಹಿಡಿಯುವುದಕ್ಕೆ ಕೆಲವು ನಿರ್ಬಂಧ ತಂದಿತು. ಅವುಗಳಲ್ಲಿ ಒಂದು, ಜೂನ್, ಜುಲೈ ಮತ್ತು ಅಕ್ಟೋಬರ್ ತಿಂಗಳಲ್ಲಿ ಹಿಡಿಯಬಾರದು ಅಂತ. ಉದ್ದೇಶ ಒಳ್ಳೆಯದೇ. ಸಂತಾನದ ಕಾಲದಲ್ಲಿ ಮೀನಿಗೆ ಬಿಡುವು ಕೊಡುವುದು. ಈಗ ನಾನು ನೆನಪಿನಲ್ಲಿ ಇಟ್ಟುಕೊಳ್ಳಿ ಅಂದ ತಿಂಗಳುಗಳನ್ನು ಪಕ್ಕದಲ್ಲಿ ಇಡಿ. ಮೀನು ಮೊಟ್ಟೆ ಇಡುವುದು ಅಕ್ಟೋಬರಿನಿಂದ ಮಾರ್ಚಿನವರೆಗೆ. ಆರು ತಿಂಗಳಲ್ಲಿ ನಿಯಮ ಕಾಯುವುದು ಒಂದೇ ತಿಂಗಳು. ಉಳಿದ ಎರಡು ತಿಂಗಳು ಜೂನ್, ಜುಲೈ. ಆ ತಿಂಗಳಲ್ಲಿ ಪಯಸ್ವಿನಿ ಕೆಂಪು ನೀರು ತುಂಬಿ ಮರದ ದಿಮ್ಮಿ ಹೊತ್ತು ಬರುತ್ತಾ ಇರುತ್ತದೆ. ಅಲ್ಲಿಗೆ ಸಣ್ಣ ಬಲೆ ಹಿಡಿದು ಯಾರು ಇಳಿಯುತ್ತಾರೆ? ಹೊಳೆಯೇ ಬಾಗಿಲು ಹಾಕಿದ ತಿಂಗಳಲ್ಲಿ ನಾವೂ ಒಂದು ಬೀಗ ಹಾಕಿದ ಹಾಗಾಯಿತು. 2011ರಲ್ಲಿ ಪ್ರಕಟವಾದ ಸಂತಾನದ ಅಧ್ಯಯನ ಇದನ್ನೇ ಎತ್ತಿ ಹೇಳಿ, ಅಕ್ಟೋಬರ್–ಮಾರ್ಚ್ ಅವಧಿಯನ್ನು ಕಾಯಬೇಕು ಅಂತ ಸೂಚಿಸಿತು.

ಇನ್ನೊಂದು ತೊಡಕು ನಮ್ಮ ಸಂಕಿರಣದ ವಿಷಯಕ್ಕೆ ನೇರ ಸಂಬಂಧಿಸಿದ್ದು. ಮೀನುಗಾರಿಕೆ ಸಂವಿಧಾನದ ಪ್ರಕಾರ ರಾಜ್ಯಪಟ್ಟಿಯ ವಿಷಯ. ಕೇರಳದ ಆದೇಶ ಕೇರಳದಲ್ಲಿ ನಡೆಯುತ್ತದೆ. ಹೊಳೆಯ ಮೇಲಿನ ಭಾಗ ಕರ್ನಾಟಕದಲ್ಲಿ ಉಂಟು. ಒಂದೇ ಹೊಳೆ, ಒಂದೇ ಮೀನು. ಕೆಳಗೆ ಒಂದು ಕಾನೂನು, ಮೇಲೆ ಇನ್ನೊಂದು. ಶಾಲೆಯ ಮಾಧ್ಯಮ, ನೌಕರಿಯ ಪರೀಕ್ಷೆ, ಅರ್ಜಿಯ ಭಾಷೆ ಇವುಗಳಲ್ಲಿ ನಾವು ಗಡಿನಾಡಿನವರು ಅನುಭವಿಸುವ ಪಾಡು ಮೀನಿಗೂ ತಪ್ಪಲಿಲ್ಲ. ನಮಗೆ ಆದರೆ ಒಂದು ಮನವಿಯಾದರೂ ಬರೆಯಲಿಕ್ಕೆ ಬರುತ್ತದೆ.

2022ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಬಂದಾಗ ಕೆಂಗಣ್ಣ ಮೊದಲನೇ ಅನುಸೂಚಿಗೆ, ಹುಲಿ ಆನೆಗಳ ಪಟ್ಟಿಗೆ ಸೇರಿತು. ಕೇಂದ್ರದ ಕಾಯ್ದೆ ಆದ್ದರಿಂದ ಹೊಳೆಯ ಮೇಲೂ ಕೆಳಗೂ ಒಂದೇ ನಿಯಮ ಆಯಿತು. ಆದರೆ ಇದಕ್ಕೂ ಆಕ್ಷೇಪ ಬಂದಿದೆ, ಆ ಆಕ್ಷೇಪದಲ್ಲಿ ತೂಕವೂ ಇದೆ. ಕೊಚ್ಚಿಯ ಪನಂಗಾಡಿನ ಮೀನುಗಾರಿಕಾ ಕಾಲೇಜಿನ ಸಂಶೋಧಕರು ಈ ಮೀನನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನ ರೂಪಿಸಿದ್ದಾರೆ. ಪರದೇಶಗಳಲ್ಲೂ ಇದನ್ನು ತೊಟ್ಟಿಯಲ್ಲಿ ಮರಿಮಾಡಿಸಿ ಮಾರುತ್ತಾರೆ. ಸಾಕಿದ ಮೀನು ಪೇಟೆಗೆ ಸಾಕಷ್ಟು ಬಂದರೆ ಹೊಳೆಯ ಮೀನಿನ ಮೇಲಿನ ಒತ್ತಡ ಕಡಿಮೆ ಆಗಬಹುದು. ಕಾಯ್ದೆ ಸಾಕುವವನನ್ನೂ ಹೊಳೆಯಿಂದ ಹಿಡಿಯುವವನನ್ನೂ ಒಂದೇ ಕಣ್ಣಿನಿಂದ ನೋಡಿದರೆ ಸಾಕುವವನು ಮೊದಲು ಕೈಬಿಡುತ್ತಾನೆ. ಪರದೇಶದ ತೊಟ್ಟಿಗಳಲ್ಲಿ ಮರಿಮಾಡುವವರಿಗೆ ಈ ಕಾಯ್ದೆ ಮುಟ್ಟುವುದೂ ಇಲ್ಲ. ಇನ್ನೊಂದು ಮಾತು: ಬಲೆಯನ್ನು ತಡೆಯುವ ಅನುಸೂಚಿ, ಹೊಳೆಯ ಮರಳು ತೆಗೆಯುವುದನ್ನು, ತೋಟದಿಂದ ಇಳಿಯುವ ಕೀಟನಾಶಕವನ್ನು, ಗುಂಡಿಗೆ ವಿಷ ಹಾಕಿಯೋ ತೋಟೆ ಸಿಡಿಸಿಯೋ ಮೀನು ಹಿಡಿಯುವುದನ್ನು ತಾನಾಗಿ ತಡೆಯುವುದಿಲ್ಲ. ಎಂಡೋಸಲ್ಫಾನ್ ಕಂಡ ಜಿಲ್ಲೆಯವರಿಗೆ ಗುಡ್ಡದ ಮೇಲೆ ಸಿಂಪಡಿಸಿದ್ದು ಎಲ್ಲಿಗೆ ಇಳಿಯುತ್ತದೆ ಅಂತ ವಿವರಿಸಬೇಕಾಗಿಲ್ಲ.

ದೇವರ ಮೀನು, ಯಾರದೂ ಅಲ್ಲದ ಮೀನು

ಮೀನನ್ನು ಕಾಯುವ ಪದ್ಧತಿ ನಮ್ಮ ಸೀಮೆಗೆ ಹೊಸತಲ್ಲ. ಸುಳ್ಯ ತಾಲೂಕಿನ ತೊಡಿಕಾನದಲ್ಲಿ, ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ದೇವಸ್ಥಾನದ ಎದುರಿನ ಹೊಳೆಯ ಮೀನನ್ನು ಯಾರೂ ಮುಟ್ಟುವುದಿಲ್ಲ. ಅವು ದೇವರ ಮೀನು. ತುಳುವಿನಲ್ಲಿ ಪೆರುವೊಳು ಎಂದು ಕರೆಯುವ ದೊಡ್ಡ ಮೀನುಗಳು. ಭಕ್ತರು ಅಕ್ಕಿ, ಹೊದಲು ಹಾಕುತ್ತಾರೆ. 1996ರಲ್ಲಿ ಶಿಶಿಲದ ಹೊಳೆಗೆ ವಿಷ ಬಿದ್ದು ಮೀನುಗಳು ರಾಶಿಯಾಗಿ ಸತ್ತಾಗ ಊರೇ ಮರುಗಿತು. ಕುಂಬಳೆಯ ಹತ್ತಿರ ಅನಂತಪುರದ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಅದಕ್ಕೆ ಸಿಕ್ಕ ಅಂತಿಮ ನಮನವನ್ನು ನಾವೆಲ್ಲ ನೋಡಿದ್ದೇವೆ. ಹೆಸರು ಮತ್ತು ಕತೆ ಇದ್ದ ಜೀವಿಗೆ ನಮ್ಮ ಜನ ಜಾಗ ಕೊಡುತ್ತಾರೆ. ಕೆಂಗಣ್ಣನಿಗೆ ದೇವಸ್ಥಾನವೂ ಇಲ್ಲ, ಪಾಡ್ದನವೂ ಇಲ್ಲ. ಅದಕ್ಕೆ ಸಿಕ್ಕಿದ್ದು ಒಬ್ಬ ಗವರ್ನರನ ಹೆಸರು ಮತ್ತು ಒಂದು ಸೌಂದರ್ಯ ಸ್ಪರ್ಧೆಯ ಪಟ್ಟ.

ಇಲ್ಲಿಯೇ ಸಾಹಿತ್ಯದ ವಿದ್ಯಾರ್ಥಿಗಳ ಕೆಲಸ ಇರುವುದು ಅಂತ ನನಗೆ ಅನಿಸುತ್ತದೆ. ಮೀನು ಎಣಿಸುವುದು, ತಳಿ ನೋಡುವುದು ಪ್ರಾಣಿಶಾಸ್ತ್ರದವರ ಕೆಲಸ. ಹೊಳೆಯ ಪದಗಳನ್ನು ಸಂಗ್ರಹಿಸುವುದು ನಮ್ಮದು. ಗುಂಡಿ, ಕಯ, ತೋಡು, ಕಟ್ಟ, ಅಳಿವೆ: ಪ್ರತಿಯೊಂದು ಪದದ ಹಿಂದೆ ನೀರಿನ ಒಂದು ಬಗೆ ಇದೆ. ಯಾವ ಗುಂಡಿಯಲ್ಲಿ ಬೇಸಿಗೆಯಲ್ಲೂ ನೀರು ಆರುವುದಿಲ್ಲ, ಯಾವ ತಿಂಗಳಲ್ಲಿ ಯಾವ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಇರುತ್ತದೆ ಅನ್ನುವುದು ಹೊಳೆಬದಿಯ ಹಿರಿಯರ ಮಾತಿನಲ್ಲಿ ತುಳು, ಕನ್ನಡ, ಮಲಯಾಳ, ಮರಾಟಿ, ಬ್ಯಾರಿ ಎಲ್ಲದರಲ್ಲೂ ಹಂಚಿಹೋಗಿದೆ. 2008ರ ನಿಯಮ ಬರೆಯುವ ಮೊದಲು ಯಾರಾದರೂ ಹೊಳೆಬದಿಯ ಒಂದು ಹತ್ತು ಮನೆಯಲ್ಲಿ ಕೂತು ಕೇಳಿದ್ದರೆ ತಿಂಗಳು ಸರಿಯಾಗುತ್ತಿತ್ತೋ ಏನೋ.

ಸಂವಾದದಲ್ಲಿ ಬಂದ ಎರಡು ಪ್ರಶ್ನೆಗಳು

ಪ್ರಬಂಧದ ನಂತರ ಒಬ್ಬ ಅಧ್ಯಾಪಕರು ಕೇಳಿದರು: ಏತಡ್ಕದಂಥ ಕಡೆ ಕೃಷಿಕರು ತೋಡಿಗೆ ಹಾಕುವ ಕಟ್ಟಗಳು ಮೀನಿಗೆ ಅಡ್ಡಿ ಆಗುವುದಿಲ್ಲವಾ? ಇದಕ್ಕೆ ಎರಡು ಬದಿ ಉಂಟು. ಕಟ್ಟ ಹರಿವನ್ನು ನಿಲ್ಲಿಸುತ್ತದೆ, ಓಡುವ ನೀರು ಬೇಕಾದ ಮೀನಿಗೆ ಅದು ಹಿತವಲ್ಲ. ಆದರೆ ಕಟ್ಟದಿಂದ ಇಂಗಿದ ನೀರು ಕೆಳಗಿನ ಹೊಳೆಗೆ ಬೇಸಿಗೆಯಲ್ಲಿ ಒಸರಾಗಿ ಬರುತ್ತದೆ, ಕೊನೆಯ ಗುಂಡಿಗಳು ಆರದ ಹಾಗೆ ನೋಡಿಕೊಳ್ಳುತ್ತದೆ. ಮೇಲಾಗಿ ಕಟ್ಟ ತಾತ್ಕಾಲಿಕ. ಮಳೆಗಾಲಕ್ಕೆ ತೆಗೆಯುತ್ತಾರೆ ಅಥವಾ ನೀರೇ ಒಯ್ಯುತ್ತದೆ. ಕಾಂಕ್ರೀಟಿನ ಶಾಶ್ವತ ಅಡ್ಡಗೋಡೆಗೂ ಇದಕ್ಕೂ ವ್ಯತ್ಯಾಸ ಮಾಡಬೇಕು.

ಸೊಲ್ಲಾಪುರದ ಕಡೆಯ ಒಬ್ಬ ಸಂಶೋಧಕರ ಪ್ರಶ್ನೆ ಹೀಗಿತ್ತು: ನಮ್ಮ ಬಯಲುಸೀಮೆಯವರಿಗೆ ಈ ಮೀನಿನಿಂದ ಏನು ಕಲಿಯುವುದು? ನನ್ನ ಉತ್ತರ ಚಿಕ್ಕದು. ಗಡಿ ಅಂದ ಕೂಡಲೇ ನಾವು ಭೂಪಟ ಬಿಡಿಸುತ್ತೇವೆ. ಭೂಪಟದಲ್ಲಿ ಹೊಳೆ ಒಂದು ಗೆರೆ, ಅದಕ್ಕೆ ಅಗಲವೇ ಇಲ್ಲ. ನಿಜದಲ್ಲಿ ಆ ಗೆರೆಗೆ ಅಗಲ ಉಂಟು, ಆಳ ಉಂಟು, ಅದರೊಳಗೆ ಒಂದು ಗೇಣಿಗೂ ಸಣ್ಣದಾದ ಜೀವಿ ನೀರಿಗೆ ಎದುರಾಗಿ ಮುಖಮಾಡಿ ನಿಂತಿರುತ್ತದೆ. ಭೀಮೆಯಲ್ಲೂ, ಬೋರಿಯಲ್ಲೂ, ವೇದಾವತಿಯಲ್ಲೂ ಯಾವುದೋ ಒಂದು ಮೀನು ಹಾಗೇ ಇರಬಹುದು. ಅದನ್ನು ನಿಮ್ಮ ಊರಿನ ಹಿರಿಯರು ಏನಂತ ಕರೆಯುತ್ತಾರೆ ಅಂತ ಈ ರಜೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಅವರು ಹೇಳಿದ ಭಾಷೆಯಲ್ಲೇ ಬರೆ‌ಯಿರಿ, ಯಾವ ತಿಂಗಳಲ್ಲಿ ಸಿಗುತ್ತದೆ ಅನ್ನುವುದನ್ನೂ ಬರೆಯಿರಿ.